‘ಪ’ಕಾರದ ಸಾಕ್ಷಿ: ‘ಪೆಪ್ಪರ್’ ನಮ್ಮ ‘ಹಿಪ್ಪಲಿ’ಯಿಂದ ಹುಟ್ಟಿತೇ?

ರಾಜ್ಯೋತ್ಸವ ಹತ್ತಿರ ಬಂತೆಂದರೆ ಸಾಕು, ‘ಇಂಗ್ಲಿಷಿಗೆ ಕನ್ನಡ ಕೊಟ್ಟ ಪದಗಳು’ ಅಂತ ಒಂದಿಷ್ಟು ಪಟ್ಟಿಗಳು ಫೋನಿಂದ ಫೋನಿಗೆ ಓಡಾಡೋಕೆ ಶುರುವಾಗುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ನಕ್ಕು ಬಿಟ್ಟುಬಿಡಬಹುದು. ಆದರೆ ಒಂದು ಜೋಡಿಯನ್ನು ಹಾಗೆ ಬಿಡೋಕಾಗಲ್ಲ: ‘ಹಿಪ್ಪಲಿ’ಯಿಂದ ‘ಪೆಪ್ಪರ್’. ಯಾಕಂದರೆ ಇದು ಪೂರ್ತಿ ಸುಳ್ಳಲ್ಲ. ಎರಡು ಪದಗಳಿಗೂ ನಂಟಿರುವುದು ನಿಜ. ಆದರೆ ಪಟ್ಟಿಯವರು ಹೇಳುವ ನಂಟು ಅದಲ್ಲ. ಪೂರ್ತಿ ಸುಳ್ಳನ್ನು ಒಂದು ಸಾಲಿನಲ್ಲಿ ತಳ್ಳಿಹಾಕಬಹುದು, ಅರ್ಧಸತ್ಯವನ್ನು ಬಿಡಿಸೋಕೆ ಒಂದು ಲೇಖನವೇ ಬೇಕಾಗುತ್ತದೆ.

ಶಾಸನದ ಹುಚ್ಚು ಹತ್ತಿಸಿಕೊಂಡ ನಮಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ತೇದಿ ಇಲ್ಲದ ಒಂದು ಕಲ್ಲು ಸಿಕ್ಕರೆ ನಾವು ಏನು ಮಾಡ್ತೀವಿ? ‘ನೋಡೋಕೆ ಹಳೇದರ ಥರ ಇದೆ’ ಅಂತ ಗಂಗರ ಕಾಲಕ್ಕೆ ಹಾಕಿಬಿಡ್ತೀವಾ? ಇಲ್ಲ. ಅಕ್ಷರದ ತಲೆಕಟ್ಟು ನೋಡ್ತೀವಿ, ‘ೞ’ ಇದೆಯೋ ಇಲ್ಲವೋ ನೋಡ್ತೀವಿ, ಕಲ್ಲು ಎಲ್ಲಿ ಸಿಕ್ಕಿತು ಅಂತ ವಿಚಾರಿಸ್ತೀವಿ. ಪದಕ್ಕೂ ಇದೇ ಶಿಸ್ತು ಬೇಕು. ಕಲ್ಲಿಗೆ ಒಂದು ನ್ಯಾಯ, ಪದಕ್ಕೆ ಇನ್ನೊಂದು ನ್ಯಾಯ ಅಂತ ಇರಬಾರದು. ಈ ಲೇಖನದಲ್ಲಿ ‘ಪೆಪ್ಪರ್’ ಅನ್ನೋ ಪದವನ್ನು ಒಂದು ತೇದಿಯಿಲ್ಲದ ಶಾಸನದಂತೆ ಓದಿ ನೋಡೋಣ. ನಮ್ಮ ಮುಖ್ಯ ಸಾಕ್ಷಿ ಒಂದೇ ಅಕ್ಷರ: ‘ಪ’.

ಹಿಪ್ಪಲಿಯ ‘ಹ’ಕಾರಕ್ಕೆ ವಯಸ್ಸೆಷ್ಟು?

ಹಳಗನ್ನಡದ ಪದದ ಮೊದಲಿನ ‘ಪ’ಕಾರ ನಡುಗನ್ನಡದಲ್ಲಿ ‘ಹ’ಕಾರ ಆಯಿತು ಅನ್ನೋದು ಶಾಲೆಯಲ್ಲೇ ಓದಿದ ವಿಷಯ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಸಂಸ್ಕೃತ-ಪ್ರಾಕೃತಗಳಿಂದ ಬಂದು ಕನ್ನಡದೊಳಗೆ ಚೆನ್ನಾಗಿ ಬೆರೆತುಹೋಗಿದ್ದ ಪದಗಳೂ ಇದೇ ದಾರಿ ಹಿಡಿದವು. ಪೂರ್ಣಿಮೆ ‘ಪುಣ್ಣಿಮೆ’ಯಾಗಿ ಆಮೇಲೆ ಹುಣ್ಣಿಮೆ ಆಯಿತು. ಪಕ್ಷಿ ‘ಪಕ್ಕಿ’ಯಾಗಿ ಆಮೇಲೆ ಹಕ್ಕಿ ಆಯಿತು. ಪಿಪ್ಪಲಿ ಹಿಪ್ಪಲಿ ಆದದ್ದೂ ಇದೇ ಸಾಲಿನಲ್ಲಿ.

ಈ ಬದಲಾವಣೆಗೆ ತೇದಿ ಹಾಕೋಕೆ ನಮಗೆ ವ್ಯಾಕರಣಕ್ಕಿಂತ ಒಳ್ಳೆ ಸಾಕ್ಷಿ ಇದೆ, ಕಲ್ಲುಗಳು. 5ನೆಯ ಶತಮಾನದ ಹಲ್ಮಿಡಿ ಶಾಸನದಲ್ಲಿ ಕಾಣೋದು ‘ಪೊಗೞ್’, ಇವತ್ತಿನ ‘ಹೊಗಳು’ ಅಲ್ಲ. ಬಾದಾಮಿ ಚಾಲುಕ್ಯರ, ರಾಷ್ಟ್ರಕೂಟರ ಕಾಲದ ಕನ್ನಡವೂ ‘ಪ’ಕಾರದ್ದೇ. ಸುಮಾರು 10ನೆಯ ಶತಮಾನದಿಂದ ‘ಹ’ಕಾರ ಅಲ್ಲಲ್ಲಿ ತಲೆ ಹಾಕುತ್ತದೆ, ಮುಂದಿನ ಮೂರು-ನಾಲ್ಕು ಶತಮಾನಗಳಲ್ಲಿ ಗೆದ್ದುಬಿಡುತ್ತದೆ. ಎಲ್ಲರಿಗೂ ಗೊತ್ತಿರುವ ಉದಾಹರಣೆ ಬೇಕೆಂದರೆ ಒಂದು ರಾಜವಂಶದ ಹೆಸರನ್ನೇ ತೆಗೆದುಕೊಳ್ಳಿ. ಮೊದಮೊದಲ ಶಾಸನಗಳಲ್ಲಿ ಅವರು ‘ಪೊಯ್ಸಳ’ರು, ಆಮೇಲೆ ‘ಹೊಯ್ಸಳ’ರು. ಊರಿನ ಹೆಸರು ಬೇಕೆಂದರೆ ಪಂಪಾಕ್ಷೇತ್ರ ಹಂಪೆಯಾದದ್ದನ್ನು ನೋಡಿ.

ಇಲ್ಲಿ ಒಂದು ತಕರಾರು ಬರಬಹುದು. ಶಾಸನದ ಬರವಣಿಗೆ ಸಂಪ್ರದಾಯಕ್ಕೆ ಅಂಟಿಕೊಂಡಿರುತ್ತದೆ, ಜನರ ಬಾಯಲ್ಲಿ ‘ಹ’ಕಾರ ಮೊದಲೇ ಇದ್ದಿರಬಹುದಲ್ಲ? ತಕರಾರು ನ್ಯಾಯವಾದದ್ದೇ. ಕಲ್ಲಿನ ಮೇಲೆ ‘ಹ’ ಬರುವ ಮೊದಲು ಬಾಯಲ್ಲಿ ‘ಹ’ ಬಂದಿರಲೇಬೇಕು. ಆದರೆ ಎಷ್ಟು ಮೊದಲು? ಒಂದೆರಡು ತಲೆಮಾರು ಅಂದರೆ ಒಪ್ಪಬಹುದು, ನೂರು ವರ್ಷ ಅಂದರೂ ಒಪ್ಪೋಣ. ಪಟ್ಟಿಯವರಿಗೆ ಬೇಕಾಗಿರೋದು ಅದಲ್ಲ, ಸಾವಿರದ ನಾನೂರು ವರ್ಷ. ಯಾಕಂದರೆ ಗ್ರೀಕಿನಲ್ಲಿ ‘ಪೆಪೆರಿ’ ಅನ್ನೋ ಪದ ಕ್ರಿಸ್ತಪೂರ್ವ 5-4ನೆಯ ಶತಮಾನದ, ಹಿಪ್ಪೋಕ್ರಟೀಸನ ಹೆಸರಿನಲ್ಲಿರುವ ವೈದ್ಯಗ್ರಂಥಗಳಲ್ಲೇ ಸಿಗುತ್ತದೆ. ಕ್ರಿ.ಪೂ. 300ರ ಸುಮಾರಿಗೆ ಥಿಯೋಫ್ರಾಸ್ಟಸ್ ತನ್ನ ಸಸ್ಯಶಾಸ್ತ್ರದ ಗ್ರಂಥದಲ್ಲಿ ಎರಡು ಬಗೆಯ ಪೆಪೆರಿಯನ್ನು ವಿವರಿಸುತ್ತಾನೆ. ಮಗ ಹುಟ್ಟಿ ಸಾವಿರಕ್ಕೂ ಹೆಚ್ಚು ವರ್ಷ ಆದಮೇಲೆ ತಂದೆ ಹುಟ್ಟೋದು ಯಾವ ವಂಶಾವಳಿಯಲ್ಲಿ ಸಾಧ್ಯ?

ಇನ್ನೊಂದು ಸಣ್ಣ ವಿಷಯ. ಗ್ರೀಕರಿಗೆ ‘ಹ’ಕಾರ ಹೇಳೋಕೆ ಬರುತ್ತಿರಲಿಲ್ಲ ಅಂತೇನೂ ಇಲ್ಲ. ಕುದುರೆಗೆ ಅವರು ‘ಹಿಪ್ಪೋಸ್’ ಅನ್ನುತ್ತಿದ್ದರು. ಕಿವಿಗೆ ‘ಹಿಪ್ಪಲಿ’ ಅಂತ ಬಿದ್ದಿದ್ದರೆ ಹಾಗೇ ಬರೆದುಕೊಳ್ಳೋಕೆ ಯಾವ ಅಡ್ಡಿಯೂ ಇರಲಿಲ್ಲ. ಅವರ ಕಿವಿಗೆ ಬಿದ್ದದ್ದು ‘ಪ’ಕಾರವೇ.

ಹಾಗಾಗಿ ಹಿಪ್ಪಲಿ ಪೆಪ್ಪರಿನ ತಾಯಿ ಅಲ್ಲ, ಸಂಬಂಧದಲ್ಲಿ ಸೋದರಿ. ಪಿಪ್ಪಲಿ ಅನ್ನೋ ಒಂದೇ ಪದವನ್ನು ಕನ್ನಡ ಒಂದು ಕಡೆಯಿಂದ ಎರವಲು ತಂದಿತು, ಪಶ್ಚಿಮದವರು ಇನ್ನೊಂದು ಕಡೆಯಿಂದ ತೆಗೆದುಕೊಂಡರು.

ಹಾಗಾದರೆ ‘ಸಂಸ್ಕೃತದ್ದು’ ಅಂದರೆ ಮುಗೀತಾ?

ಈ ಹಂತದಲ್ಲಿ ಎದುರಿನ ಬಣದವರು ಗೆದ್ದೆವು ಅಂದುಕೊಳ್ಳುತ್ತಾರೆ. ‘ನೋಡಿ, ಸಂಸ್ಕೃತವೇ ಇಂಗ್ಲಿಷಿಗೂ ಮೂಲ, ಪಿಪ್ಪಲಿಯೇ ಪೆಪ್ಪರ್’ ಅಂತ. ಇದರಲ್ಲೂ ಅರ್ಧವೇ ಸರಿ. ಪದ ಭಾರತದಿಂದ ಹೋಯಿತು ಅನ್ನೋದು ಸರಿ. ಆದರೆ ಅದು ಇಂಗ್ಲಿಷಿಗೆ ಪಿತ್ರಾರ್ಜಿತ ಆಸ್ತಿಯಾಗಿ ಬಂದಿಲ್ಲ, ಸಾಲವಾಗಿ ಬಂದಿದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ತೋರಿಸೋದು ಮತ್ತೆ ಅದೇ ‘ಪ’ಕಾರ.

ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಇವೆಲ್ಲ ಒಂದು ಹಳೆಯ ಮೂಲಭಾಷೆಯಿಂದ ಕವಲೊಡೆದವು. ಆ ಕುಟುಂಬದ ಜರ್ಮಾನಿಕ್ ಕವಲಿನಲ್ಲಿ ಪದದ ಮೊದಲಿನ ‘ಪ’ ಒಂದು ಕಾಲದಲ್ಲಿ ‘ಫ’ ಆಯಿತು. ಸಂಸ್ಕೃತದ ಪಿತೃ ಇರುವಲ್ಲಿ ಇಂಗ್ಲಿಷಿನಲ್ಲಿ ಫಾದರ್, ಪಾದ ಇರುವಲ್ಲಿ ಫುಟ್, ಪಂಚ ಇರುವಲ್ಲಿ ಫೈವ್. ಇದನ್ನು ಗ್ರಿಮ್‌ನ ನಿಯಮ ಅನ್ನುತ್ತಾರೆ. ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರಲ್ಲಿ ಹಿರಿಯವನಾದ ಯಾಕೋಬ್ ಗ್ರಿಮ್ 1822ರಲ್ಲಿ ವಿವರವಾಗಿ ಬರೆದದ್ದರಿಂದ ಆ ಹೆಸರು. ಪೆಪ್ಪರ್ ಆ ಮೂಲಭಾಷೆಯಿಂದ ನೇರವಾಗಿ ಇಳಿದು ಬಂದಿದ್ದರೆ ಅದರ ಮೊದಲಕ್ಷರ ‘ಫ’ ಆಗಿರಬೇಕಿತ್ತು. ಆಗಿಲ್ಲ. ಅಂದರೆ ‘ಪ’ ‘ಫ’ ಆಗುವ ಆಟ ಮುಗಿದ ಮೇಲೆ ಹೊರಗಿನಿಂದ ಒಳಗೆ ಬಂದ ಪದ ಇದು. ನಮ್ಮಲ್ಲಿ ಪಾಲು ಹಾಲಾದರೂ ಪಾರ್ಕು ಹಾರ್ಕು ಆಗದೆ, ಪೇಪರು ಹೇಪರು ಆಗದೆ ಉಳಿದ ಹಾಗೆ.

ಇನ್ನು ಪಿಪ್ಪಲಿಯ ಊರು ಯಾವುದು? ಅಥರ್ವವೇದದ ಆರನೆಯ ಕಾಂಡದಲ್ಲಿ ಪಿಪ್ಪಲಿಯನ್ನು ಔಷಧಿಯಾಗಿ ಕರೆಯುವ ಸೂಕ್ತವೇ ಇದೆ. ಅಮರಕೋಶ ಪಿಪ್ಪಲಿಗೆ ಕೊಡುವ ಪರ್ಯಾಯ ಪದಗಳಲ್ಲಿ ‘ಮಾಗಧಿ’ ಇದೆ, ‘ವೈದೇಹಿ’ ಇದೆ. ಮಗಧದವಳು, ವಿದೇಹದವಳು! ಶಾಸನ ಸಿಕ್ಕ ಜಾಗದ ಹಾಗೆ ಹೆಸರಿಗೇ ವಿಳಾಸ ಅಂಟಿಕೊಂಡಿದೆ. ಅದು ಇವತ್ತಿನ ಬಿಹಾರ-ಮಿಥಿಲೆಯ ಕಡೆಯ ವಿಳಾಸ, ಪಶ್ಚಿಮಘಟ್ಟದ್ದಲ್ಲ.

ಇಲ್ಲಿ ಗಿಡಗಳನ್ನು ಬೇರೆ ಮಾಡಿಕೊಳ್ಳಬೇಕು. ಪಿಪ್ಪಲಿ ಅಥವಾ ಹಿಪ್ಪಲಿ ಅನ್ನೋದು ಉದ್ದನೆಯ, ಸಣ್ಣ ತೆನೆಯಂಥ ಕಾಯಿ. ಗ್ರಂದಿಗೆ ಅಂಗಡಿಯಲ್ಲಿ ಈಗಲೂ ಸಿಗುತ್ತದೆ, ಶುಂಠಿ, ಮೆಣಸಿನ ಜೊತೆ ಸೇರಿ ‘ತ್ರಿಕಟು’ ಆಗೋದು ಇದೇ. ನಮ್ಮ ಘಟ್ಟದ ಬಳ್ಳಿಯಲ್ಲಿ ಬಿಡೋದು ದುಂಡನೆಯ ಕಾಳುಮೆಣಸು, ಸಂಸ್ಕೃತದಲ್ಲಿ ಮರೀಚ. ಎರಡೂ ಒಂದೇ ಕುಲದ ಬೇರೆ ಬೇರೆ ಜಾತಿಗಳು. ಇವತ್ತು ಇಂಗ್ಲಿಷಿನಲ್ಲಿ ಬರೀ ‘ಪೆಪ್ಪರ್’ ಅಂದರೆ ಎರಡನೆಯದು. ಹೆಸರು ಒಂದರದು, ಕಾಳು ಇನ್ನೊಂದರದು.

‘ಲ’ ಹೋಗಿ ‘ರ’ ಬಂದದ್ದು ಎಲ್ಲಿ?

ಪಿಪ್ಪಲಿಯಲ್ಲಿ ‘ಲ’ ಇದೆ, ಪೆಪೆರಿಯಲ್ಲಿ ‘ರ’ ಇದೆ. ಗ್ರೀಕರಿಗೆ ‘ಲ’ ಚೆನ್ನಾಗಿಯೇ ಬರುತ್ತಿತ್ತು. ಹಾಗಾಗಿ ಬದಲಾವಣೆ ಅವರ ಬಾಯಲ್ಲಿ ಆದದ್ದಲ್ಲ, ದಾರಿಯಲ್ಲಿ ಆದದ್ದು. ದಾರಿ ಯಾವುದು ಅಂತ ಗ್ರೀಕ್ ವೈದ್ಯಗ್ರಂಥವೇ ಸುಳಿವು ಕೊಡುತ್ತದೆ. ಅಲ್ಲಿ ಇದನ್ನು ಭಾರತದ ಮದ್ದು, ಪರ್ಷಿಯನ್ನರು ಇದನ್ನು ಪೆಪೆರಿ ಅನ್ನುತ್ತಾರೆ ಎಂದು ಹೇಳಿದೆ.

ಈಗ ನಮ್ಮ ಇಷ್ಟದ ಜಾಗಕ್ಕೆ ಬಂದೆವು, ಬಂಡೆಗೆ. ಇರಾನಿನ ಬೆಹಿಸ್ತೂನ್ ಬಂಡೆಯ ಮೇಲೆ ಒಂದನೆಯ ಡೇರಿಯಸ್ ಕ್ರಿ.ಪೂ. 520ರ ಸುಮಾರಿಗೆ ಮೂರು ಭಾಷೆಗಳಲ್ಲಿ ಕೆತ್ತಿಸಿದ ಶಾಸನವಿದೆ. ಅದರ ಹಳೆಯ ಪರ್ಷಿಯನ್ ಪಾಠದಲ್ಲಿ ಬ್ಯಾಬಿಲೋನಿನ ಹೆಸರು ‘ಬಾಬಿರುಶ್’. ‘ಬಾಬೆಲ್’ನ ‘ಲ’ ಅಲ್ಲಿ ‘ರ’ ಆಗಿದೆ. ಹಳೆಯ ಪರ್ಷಿಯನ್ನಿನ ಸ್ವಂತ ಪದಗಳಲ್ಲಿ ‘ಲ’ಕಾರವೇ ಇಲ್ಲ. ಆ ಕ್ಯೂನಿಫಾರ್ಮ್ ಲಿಪಿಯಲ್ಲಿ ‘ಲ’ಕ್ಕೆ ಇರುವ ಗುರುತು ಬರೋದು ಕೈಬೆರಳಲ್ಲಿ ಎಣಿಸಬಹುದಾದಷ್ಟು ಪರದೇಶಿ ಹೆಸರುಗಳಲ್ಲಿ ಮಾತ್ರ. ಅಂಥ ಬಾಯಿಗೆ ‘ಪಿಪ್ಪಲಿ’ ಹೋದರೆ ‘ಪಿಪ್ಪರಿ’ ಆಗಿ ಬರೋದು ಸಹಜ.

‘ಪಿಪ್ಪರಿ’ ಅನ್ನೋ ರೂಪ ಯಾವ ಪರ್ಷಿಯನ್ ಶಾಸನದಲ್ಲೂ ಇಲ್ಲ. ಅದು ತುಂಬಿಸಿಕೊಂಡ ರೂಪ. ಭಾಷಾಶಾಸ್ತ್ರಜ್ಞರು ಇಂಥ ರೂಪದ ಹಿಂದೆ ಒಂದು ನಕ್ಷತ್ರ ಹಾಕುತ್ತಾರೆ. ಅಳಿಸಿಹೋದ ಅಕ್ಷರಗಳನ್ನು ನಾವು ಚೌಕ ಕಂಸದೊಳಗೆ ತುಂಬಿಸಿ ಪ್ರಕಟಿಸುತ್ತೇವಲ್ಲ, ಅದೇ ಮರ್ಯಾದೆ. ಊಹೆ ಮಾಡೋದು ತಪ್ಪಲ್ಲ, ಅದು ಊಹೆ ಅಂತ ಗುರುತು ಹಾಕದೇ ಇರೋದು ತಪ್ಪು. ಫೋನಿನ ಪಟ್ಟಿಗಳಲ್ಲಿ ನಕ್ಷತ್ರವೂ ಇಲ್ಲ, ಕಂಸವೂ ಇಲ್ಲ. ಬಾಣದ ಗುರುತು ಒಂದೇ.

ರೋಮಿನಿಂದ ಇಂಗ್ಲಿಷಿಗೆ

ಗ್ರೀಕಿನ ಪೆಪೆರಿ ಲ್ಯಾಟಿನ್ನಿನಲ್ಲಿ ‘ಪಿಪೆರ್’ ಆಯಿತು. ಈ ಲ್ಯಾಟಿನ್ ಪದ ಬ್ರಿಟನ್ನಿನ ನೆಲದಲ್ಲೇ ಬರಹರೂಪದಲ್ಲಿ ಸಿಕ್ಕಿದೆ. ಉತ್ತರ ಇಂಗ್ಲೆಂಡಿನ ವಿಂಡೋಲಾಂಡಾ ಅನ್ನೋ ರೋಮನ್ ಕೋಟೆಯಲ್ಲಿ, ತೆಳ್ಳನೆಯ ಮರದ ಹಲಗೆಗಳ ಮೇಲೆ ಶಾಯಿಯಲ್ಲಿ ಬರೆದ ನೂರಾರು ಕಡತಗಳು ಸಿಕ್ಕಿವೆ. ಕ್ರಿ.ಶ. 100ರ ಆಸುಪಾಸಿನವು. ಅವುಗಳಲ್ಲಿ 184ನೆಯ ಸಂಖ್ಯೆಯದು ಸೈನಿಕರ ಲೆಕ್ಕದ ಪಟ್ಟಿ. ಟಪ್ಪೋನ ಮಗ ಗಂಬಾಕ್ಸ್ ಅನ್ನೋ ಸೈನಿಕನ ಹೆಸರಿನ ಮುಂದೆ ಮೆಣಸಿಗೆ 2 ದಿನಾರಿ ಅಂತ ಇದೆ. ಕೇರಳದ ಕಡೆಯ ಬಂದರಿನಿಂದ ಹೊರಟ ಕಾಳು ಸಾಮ್ರಾಜ್ಯದ ಆ ತುದಿಯ ಚಳಿಯಲ್ಲಿ ಒಬ್ಬ ಸಿಪಾಯಿಯ ಖಾತೆಗೆ ಖರ್ಚು ಬಿದ್ದಿದೆ. ರಾಜರ ಪ್ರಶಸ್ತಿಗಳಿಗಿಂತ ಇಂಥ ಕಿರಾಣಿ ಲೆಕ್ಕಗಳೇ ಎಷ್ಟೋ ಸಲ ಹೆಚ್ಚು ಹೇಳುತ್ತವೆ.

ಆದರೆ ಇಂಗ್ಲಿಷಿನ ಪದ ಈ ಕೋಟೆಯಿಂದ ಬಂದದ್ದಲ್ಲ. ಆಗ ಇಂಗ್ಲಿಷ್ ಅನ್ನೋ ಭಾಷೆಯೇ ಬ್ರಿಟನ್ನಿಗೆ ಬಂದಿರಲಿಲ್ಲ. ಅದರ ಪೂರ್ವಿಕರು ಸಮುದ್ರದ ಆಚೆ, ಯೂರೋಪಿನ ನೆಲದಲ್ಲಿದ್ದರು. ಅಲ್ಲೇ ರೋಮನ್ನರ ಜೊತೆ ವ್ಯಾಪಾರ ಮಾಡುತ್ತ ಪಿಪೆರ್ ಪದವನ್ನು ಎತ್ತಿಕೊಂಡರು. ಇದಕ್ಕೆ ಸಾಕ್ಷಿ? ಮೂರನೆಯ ಸಲ, ‘ಪ’ಕಾರ.

ಜರ್ಮನ್ ಭಾಷೆಯಲ್ಲಿ ಮೆಣಸಿಗೆ ‘ಪ್ಫೆಫರ್’. ಸುಮಾರು 6ರಿಂದ 8ನೆಯ ಶತಮಾನದ ನಡುವೆ ದಕ್ಷಿಣದ ಜರ್ಮನ್ ಉಪಭಾಷೆಗಳಲ್ಲಿ ‘ಪ’ಕಾರ ಮತ್ತೊಮ್ಮೆ ಸಡಿಲಾಯಿತು. ಪದದ ಮೊದಲಲ್ಲಿ ‘ಪ್ಫ’, ಸ್ವರಗಳ ನಡುವೆ ‘ಫ’ ಆಯಿತು. ಇಂಗ್ಲಿಷಿನ ಪೌಂಡ್ ಜರ್ಮನ್ನಿನಲ್ಲಿ ಪ್ಫುಂಡ್, ಶಿಪ್ ಅಲ್ಲಿ ಶಿಫ್. ಪೆಪ್ಪರಿಗೂ ಅದೇ ಗತಿ ಆಗಿದೆ ಅಂದರೆ, ಆ ಬದಲಾವಣೆ ಶುರುವಾಗುವ ಮೊದಲೇ ಪದ ಅಲ್ಲಿ ಮನೆ ಮಾಡಿಕೊಂಡಿತ್ತು. ಆಮೇಲೆ ಬಂದ ‘ಪಾಪಿಯರ್’, ಅಂದರೆ ಕಾಗದ, ‘ಪ’ಕಾರದಲ್ಲೇ ಉಳಿಯಿತು. ನಮ್ಮ ಹಿಪ್ಪಲಿಯ ‘ಹ’ ಎಂಥ ಮುದ್ರೆಯೋ ಪ್ಫೆಫರಿನ ‘ಪ್ಫ’ವೂ ಅಂಥದ್ದೇ ಮುದ್ರೆ. ಪದ ಒಳಗೆ ಬಂದದ್ದು ಯಾವ ಬಾಗಿಲು ಮುಚ್ಚುವ ಮೊದಲು ಅಂತ ಅದು ಹೇಳಿಬಿಡುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ಪದದ ರೂಪ ‘ಪಿಪೊರ್’. ಮದ್ದಿನ ಪುಸ್ತಕಗಳಲ್ಲಿ ಸಿಗುತ್ತದೆ. 735ರಲ್ಲಿ ತೀರಿಕೊಂಡ ಬೀಡ್ ಅನ್ನೋ ಇಂಗ್ಲಿಷ್ ಸನ್ಯಾಸಿ ಸಾಯುವ ಮುಂಚೆ ತನ್ನ ಪೆಟ್ಟಿಗೆಯಲ್ಲಿದ್ದ ಬೆಲೆಬಾಳುವ ಒಂದಿಷ್ಟು ವಸ್ತುಗಳನ್ನು ಜೊತೆಯವರಿಗೆ ಹಂಚಿದನಂತೆ. ಅದರಲ್ಲಿ ಧೂಪದ ಜೊತೆ ಮೆಣಸೂ ಇತ್ತು ಅಂತ ಅವನ ಶಿಷ್ಯ ಬರೆದ ಪತ್ರದಲ್ಲಿದೆ. ಪಿಪೊರ್ ಮುಂದೆ ‘ಪೆಪೆರ್’, ಆಮೇಲೆ ಇವತ್ತಿನ ‘ಪೆಪ್ಪರ್’. ನಮ್ಮ ಆಫೀಸುಗಳಲ್ಲಿ ತ್ರೈಮಾಸಿಕಕ್ಕೊಮ್ಮೆ ಕೊಡುವ ‘ಪೆಪ್ ಟಾಕ್’ನ ‘ಪೆಪ್’ ಕೂಡ ಇದರದ್ದೇ ತುಂಡು.

ಇನ್ನೊಂದು ತಮಾಷೆ. ಪಿಪ್ಪಲಿಯ ಸೋದರ ಪದ ಪಿಪ್ಪಲ, ಅಂದರೆ ಅರಳಿ, ಹಿಂದಿಯಲ್ಲಿ ‘ಪೀಪಲ್’ ಆಗಿ ಕಂಪನಿ ಕಾಲದಲ್ಲಿ ಇಂಗ್ಲಿಷಿಗೆ ಸೇರಿತು. ಹೀಗೆ ಇಂಗ್ಲಿಷಿನಲ್ಲಿ ಪೆಪ್ಪರ್ ಮತ್ತು ಪೀಪಲ್ ಅಕ್ಕಪಕ್ಕ ಕೂತಿವೆ. ಒಂದು ಪರ್ಷಿಯ, ಗ್ರೀಸ್, ರೋಮ್ ಸುತ್ತಿ ಬಂದದ್ದು, ಇನ್ನೊಂದು ನೇರ ಹಡಗು ಹತ್ತಿದ್ದು. ತತ್ಸಮ, ತದ್ಭವ ಓದಿದ ನಮಗೆ ಇದೇನು ಹೊಸದಲ್ಲ.

ಹೆಸರು ಮೊದಲು ಹೋಯಿತು, ಕಾಳು ಹಿಂದಿನಿಂದ ಬಂತು

ಪಶ್ಚಿಮದವರು ಕಾಳುಮೆಣಸಿಗೆ ಅದು ಬೆಳೆಯುವ ನೆಲದ ಹೆಸರನ್ನೇ ಯಾಕೆ ತೆಗೆದುಕೊಳ್ಳಲಿಲ್ಲ? ತಮಿಳಿನ ಮಿಳಗು, ಮಲಯಾಳದ ಮುಳಗು, ಕನ್ನಡದ ಹಳೆಯ ಮೆಳಸು, ಈಗಿನ ಮೆಣಸು ಇವೆಲ್ಲ ಒಂದೇ ಮನೆಯ ಪದಗಳು. ಒಂದೂ ಹಡಗು ಹತ್ತಲಿಲ್ಲ.

ಇದಕ್ಕೆ ಉತ್ತರ ವ್ಯಾಪಾರದ ದಾರಿಗಳಲ್ಲಿದೆ. ಉತ್ತರದ ಪಿಪ್ಪಲಿ, ಅದರ ಹೆಸರಿನ ಸಮೇತ, ಪರ್ಷಿಯಾದ ಮೂಲಕ ಮೊದಲೇ ಗ್ರೀಕರಿಗೆ ಪರಿಚಯ ಆಗಿತ್ತು. ಥಿಯೋಫ್ರಾಸ್ಟಸನ ಹೊತ್ತಿಗೆ ದುಂಡನೆಯದಕ್ಕೂ ಉದ್ದನೆಯದಕ್ಕೂ ಒಂದೇ ಹೆಸರು ಬಿದ್ದಾಗಿತ್ತು. ಮಾನ್ಸೂನ್ ಗಾಳಿ ಹಿಡಿದು ರೋಮನ್ನರ ಕಾಲದ ಹಡಗುಗಳು ನೇರವಾಗಿ ಮಲಬಾರಿಗೆ ಬಂದಾಗ, ಕೈಯಲ್ಲಿ ಹೆಸರು ಹಿಡಿದುಕೊಂಡೇ ಬಂದವು. ಕ್ರಿ.ಶ. 1ನೆಯ ಶತಮಾನದ ‘ಪೆರಿಪ್ಲಸ್’ ಅನ್ನೋ ಹಡಗಿನವರ ಕೈಪಿಡಿ ಎರಡು ಸರಕುಗಳನ್ನೂ ಬೇರೆ ಬೇರೆ ಬಂದರುಗಳಲ್ಲಿ ಹೇಳುತ್ತದೆ. ಉದ್ದನೆಯದು ಬರಿಗಾಜಾ ಅಂದರೆ ಭರೂಚಿನಲ್ಲಿ, ಇನ್ನೊಂದು ಮಲಬಾರಿನ ಮುಜಿರಿಸ್ ಮತ್ತು ನೆಲ್ಕಿಂಡಾದಲ್ಲಿ. ಕೆಂಪು ಸಮುದ್ರದ ದಡದ ಬೆರೆನಿಕೆಯ ಉತ್ಖನನದಲ್ಲಿ, ಅಲ್ಲಿನ ದೇವಾಲಯದ ಆವರಣದಲ್ಲಿ, ಭಾರತದಲ್ಲಿ ಮಾಡಿದ ದೊಡ್ಡ ಹರವಿಯೊಳಗೆ ಸುಮಾರು 7.5 ಕಿಲೋ ಕಾಳುಮೆಣಸು ಸಿಕ್ಕಿದೆ. ಪ್ಲಿನಿ ಕೊಡುವ ದರಗಳಲ್ಲಿ ಪೌಂಡಿಗೆ ಉದ್ದಮೆಣಸು 15 ದಿನಾರಿ, ಬಿಳಿಯದು 7, ಕರಿಯದು 4. ಅಗ್ಗದ ಕರಿಮೆಣಸು ರಾಶಿ ರಾಶಿ ಬಂತು, ದುಬಾರಿ ಪಿಪ್ಪಲಿಯ ಹೆಸರನ್ನು ತಾನೇ ಇಟ್ಟುಕೊಂಡಿತು. ಹೆಸರಿನ ನಿಜವಾದ ಒಡತಿಗೆ ಇಂಗ್ಲಿಷಿನಲ್ಲಿ ‘ಲಾಂಗ್’ ಅನ್ನೋ ವಿಶೇಷಣ ಸೇರಿಸಿಕೊಂಡು ಬದುಕುವ ಗತಿ ಬಂತು.

ಹಾಬ್ಸನ್-ಜಾಬ್ಸನ್: ಒಂದು ಕಡೆ ಸರಿ, ಇನ್ನೊಂದು ಕಡೆ ಜಾರಿಕೆ

ಪದಮೂಲದ ಚರ್ಚೆ ಬಂದಾಗಲೆಲ್ಲ ನಮ್ಮಲ್ಲಿ ಎತ್ತಿ ತೋರಿಸುವ ಗ್ರಂಥ 1886ರಲ್ಲಿ ಅಚ್ಚಾದ ‘ಹಾಬ್ಸನ್-ಜಾಬ್ಸನ್’. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಮಾಡಿದ್ದು. ಬರ್ನೆಲ್ ನಮ್ಮವನೇ ಅಂತ ಹೇಳಿಕೊಳ್ಳುವಷ್ಟು ಹತ್ತಿರದವನು. ದಕ್ಷಿಣ ಭಾರತದ ಲಿಪಿಶಾಸ್ತ್ರದ ಬಗ್ಗೆ ಅವನ ಮುಖ್ಯ ಪುಸ್ತಕ 1874ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಲಿಪಿ ಓದಿದ ಕಣ್ಣು ಪದವನ್ನು ಹೇಗೆ ಓದುತ್ತದೆ ಅನ್ನೋಕೆ ‘ಪೆಪ್ಪರ್’ ನಮೂದು ಒಳ್ಳೆಯ ಉದಾಹರಣೆ. ಅದು ಶುರುವಲ್ಲೇ, ಈ ಪದದ ಮೂಲ ಪಿಪ್ಪಲಿ, ಅದು ಕರಿಮೆಣಸಲ್ಲ, ಉದ್ದಮೆಣಸು ಅಂತ ಸ್ಪಷ್ಟಪಡಿಸುತ್ತದೆ. ಇಡೀ ಗ್ರಂಥದ ಬೆಲೆ ಇರೋದು ಉಲ್ಲೇಖಗಳನ್ನು ಇಸವಿ ಹಾಕಿ ಸಾಲಾಗಿ ಜೋಡಿಸಿದ್ದರಲ್ಲಿ. ಓದುಗ ತಾನೇ ಪರೀಕ್ಷೆ ಮಾಡಿ ನೋಡಬಹುದು. ಶಾಸನ ಸಂಪುಟದಲ್ಲಿ ಮೂಲಪಾಠವನ್ನು ಕೊಡುವ ಹಾಗೆ.

ಅದೇ ಗ್ರಂಥದ ‘ಚಿಲ್ಲಿ’ ನಮೂದಿಗೆ ಹೋಗಿ. ಮೆಣಸಿನಕಾಯಿಯ ಈ ಹೆಸರು ದಕ್ಷಿಣ ಅಮೆರಿಕದ ಚಿಲಿ ದೇಶದಿಂದ ಬಂತು, ಇದರಲ್ಲಿ ಅನುಮಾನವೇ ಕಡಿಮೆ ಅನ್ನೋ ಧಾಟಿಯಲ್ಲಿ ತೀರ್ಪು ಇದೆ. ಅದು ಸರಿಯಲ್ಲ. ಪದ ಬಂದದ್ದು ಮೆಕ್ಸಿಕೋದ ನಹುವಾಟ್ಲ್ ಭಾಷೆಯ ‘ಚೀಲ್ಲಿ’ಯಿಂದ, ದೇಶದ ಹೆಸರಿಗೂ ಅದಕ್ಕೂ ನಂಟಿಲ್ಲ. ಪೆಪ್ಪರಿನಲ್ಲಿ ಅಷ್ಟು ಎಚ್ಚರವಾಗಿದ್ದ ಗ್ರಂಥ ಚಿಲ್ಲಿಯಲ್ಲಿ ಜಾರಿದ್ದು ಹೇಗೆ? ಎರಡು ಪದ ಒಂದೇ ಥರ ಕೇಳಿಸಿತು, ಅಷ್ಟೇ. ಪಾಂಡಿತ್ಯ ಇದ್ದರೂ ಹೋಲಿಕೆಯ ಬಲೆ ತಪ್ಪುವುದಿಲ್ಲ. ತಪ್ಪಿಸೋದು ವಿಧಾನ ಮಾತ್ರ.

ಇದೇ ಬಲೆಯ ಇನ್ನೊಂದು ಎಳೆ ನಮ್ಮ ಕರಾವಳಿಯಲ್ಲೇ ಇದೆ. 16ನೆಯ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ಮೆಣಸಿಗೆ ‘ಪಿಮೆಂತಾ’. ‘ಪ’ಕಾರದಿಂದ ಶುರುವಾಗುತ್ತೆ, ಅರ್ಥವೂ ಅದೇ, ಹಾಗಾಗಿ ಪೆಪ್ಪರಿನ ನೆಂಟ ಅಂತ ಅನ್ನಿಸುತ್ತದೆ. ಅಲ್ಲ. ಅದು ಬಣ್ಣ ಅನ್ನೋ ಅರ್ಥದ ಲ್ಯಾಟಿನ್ನಿನ ‘ಪಿಗ್ಮೆಂಟುಮ್’ನಿಂದ ಬಂದದ್ದು. ಇಂಗ್ಲಿಷಿನ ಪಿಗ್ಮೆಂಟ್ ಅದರ ಒಡಹುಟ್ಟು.

ಕನ್ನಡದ ಪಾಲು ಎಲ್ಲಿದೆ?

ಇಷ್ಟೆಲ್ಲ ಹೇಳಿದ ಮೇಲೆ, ‘ಹಾಗಾದರೆ ಕನ್ನಡಕ್ಕೆ ಏನೂ ಇಲ್ವಾ’ ಅಂತ ಬೇಸರ ಪಟ್ಟುಕೊಳ್ಳಬೇಕಾಗಿಲ್ಲ. ಇದೆ, ಅದು ಪಟ್ಟಿಯವರು ನೋಡದ ಕಡೆ ಇದೆ: ಮೆಣಸು ಅನ್ನೋ ಪದದಲ್ಲಿ.

ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಹೊಸ ಕಾಯಿಯೊಂದು ಬಂದಾಗ ಕನ್ನಡದವರು ಮಾಡಿದ್ದೇನು? ಹೊಸ ಹೆಸರು ಹುಡುಕಲಿಲ್ಲ. ಖಾರಕ್ಕೆ ಆಗಲೇ ಇದ್ದ ಹೆಸರನ್ನು ಹಿಗ್ಗಿಸಿ ‘ಮೆಣಸಿನಕಾಯಿ’ ಅಂದರು. ದಕ್ಷಿಣ ಕನ್ನಡದ ಮಾತಿನಲ್ಲಿ ಇನ್ನೂ ಮುಂದೆ ಹೋಗಿ ಬರೀ ‘ಮೆಣಸು’ ಅಂದರೆ ಮೆಣಸಿನಕಾಯಿಯೇ ಆಯಿತು. ಹಳೆಯ ಮೆಣಸು ತನ್ನ ಹೆಸರನ್ನು ಹೊಸಬನಿಗೆ ಬಿಟ್ಟುಕೊಟ್ಟು ‘ಒಳ್ಳೆಮೆಣಸು’ ಆಗಬೇಕಾಯಿತು. ತುಳುವಿನಲ್ಲೂ ಹಾಗೇ, ಮುಂಚಿ ಅಂದರೆ ಮೆಣಸಿನಕಾಯಿ, ‘ಎಡ್ಡೆಮುಂಚಿ’ ಅಂದರೆ ಕಾಳುಮೆಣಸು. ಉಳಿದ ಕಡೆ ಅದು ಕಾಳುಮೆಣಸು, ಕರಿಮೆಣಸು. ಇದು ಪಶ್ಚಿಮದಲ್ಲಿ ಪಿಪ್ಪಲಿಗೆ ಆದದ್ದೇ ಕಥೆ. ಅಲ್ಲಿ ಪಿಪ್ಪಲಿಯ ಹೆಸರನ್ನು ಕರಿಮೆಣಸು ಕಿತ್ತುಕೊಂಡಿತು, ಇಲ್ಲಿ ಕರಿಮೆಣಸಿನ ಹೆಸರನ್ನು ಮೆಣಸಿನಕಾಯಿ ಕಿತ್ತುಕೊಂಡಿತು. ಇಂಗ್ಲಿಷರೂ ಮೆಣಸಿನಕಾಯಿಗೆ ‘ರೆಡ್ ಪೆಪ್ಪರ್’, ದೊಣ್ಣೆಮೆಣಸಿಗೆ ‘ಬೆಲ್ ಪೆಪ್ಪರ್’ ಅಂದರು. ಮಗಧದ ತೆನೆಯ ಹೆಸರು ಮೆಕ್ಸಿಕೋದ ಕಾಯಿಯ ತನಕ ಹೋಯಿತು. ಪರಸ್ಪರ ಗೊತ್ತೇ ಇಲ್ಲದ ಎರಡು ಭಾಷೆಗಳು ಒಂದೇ ತರ್ಕದಲ್ಲಿ ನಡೆದುಕೊಂಡಿವೆ. ಯಾರು ಯಾರಿಗೆ ಕೊಟ್ಟರು ಅನ್ನೋ ಜಗಳಕ್ಕಿಂತ ಇದು ನನಗೆ ಎಷ್ಟೋ ಹೆಚ್ಚು ರುಚಿಯಾಗಿ ಕಾಣುತ್ತದೆ.

ಇದರಿಂದ ನಮ್ಮ ಕೆಲಸಕ್ಕೂ ನೇರ ಉಪಯೋಗ ಇದೆ. ಸುಂಕದ ಶಾಸನಗಳಲ್ಲಿ, ವರ್ತಕ ಸಂಘಗಳ ಶಾಸನಗಳಲ್ಲಿ ಅಡಕೆ, ಎಲೆಗಳ ಸಾಲಿನಲ್ಲಿ ಮೆಣಸು ಬರುತ್ತದೆ. 12ನೆಯ ಶತಮಾನದ ಕಲ್ಲಿನ ‘ಮೆಣಸ’ನ್ನು ಇಂಗ್ಲಿಷಿಗೆ ‘ಚಿಲ್ಲಿ’ ಅಂತ ಅನುವಾದ ಮಾಡಿದರೆ ನಾನೂರು ವರ್ಷದ ಅನಾಹುತ. ಆಗ ಆ ಕಾಯಿ ಅಟ್ಲಾಂಟಿಕ್ ಸಾಗರವನ್ನೇ ದಾಟಿರಲಿಲ್ಲ. ನಮ್ಮ ಅಜ್ಜಿಯರ ಬಾಯಲ್ಲಿ ಪದಕ್ಕೆ ಏನು ಅರ್ಥವೋ ಶಾಸನದಲ್ಲೂ ಅದೇ ಅರ್ಥ ಅಂತ ನಂಬಿ ಓದುವ ಅಭ್ಯಾಸ, ‘ಹಿಪ್ಪಲಿಯಿಂದ ಪೆಪ್ಪರ್’ ಅನ್ನೋ ಅಭ್ಯಾಸ, ಎರಡೂ ಒಂದೇ ಬೇರಿನವು. ಎರಡರಲ್ಲೂ ಪದದ ಮೇಲಿನ ತೇದಿಯನ್ನು ಯಾರೂ ನೋಡಿಲ್ಲ.

ಒಂದು ಪಟ್ಟಿ ತಪ್ಪಾದರೆ ಏನು ಮಹಾ ನಷ್ಟ, ಅಭಿಮಾನಕ್ಕೆ ಮಾಡಿದ್ದು ಬಿಡಿ ಅನ್ನುವವರಿದ್ದಾರೆ. ನಷ್ಟ ನಮಗೇ ಇದೆ. ನಾವು ಯಾವ ವಿಶ್ವವಿದ್ಯಾಲಯದ ಹೆಸರೂ ಬೆನ್ನಿಗಿಲ್ಲದವರು, ವಾರಾಂತ್ಯದಲ್ಲಿ ಹೊಲದ ಬದು ಸುತ್ತುವವರು. ಕೆರೆ ಏರಿಯ ಮೇಲೆ ಬಿದ್ದ ಕಲ್ಲಿನ ಪಡಿಯಚ್ಚು ಹಿಡಿದುಕೊಂಡು ‘ಇದು ಇಂಥ ಶತಮಾನದ್ದು’ ಅಂದಾಗ ನಮ್ಮ ಮಾತನ್ನು ಯಾರಾದರೂ ಕೇಳಬೇಕಾದರೆ, ನಮಗಿರುವ ಬಂಡವಾಳ ಒಂದೇ: ಇವರು ಸಾಕ್ಷಿ ಇಲ್ಲದೆ ಮಾತಾಡಲ್ಲ ಅನ್ನೋ ನಂಬಿಕೆ. ಹಿಪ್ಪಲಿಯ ಪಟ್ಟಿಯನ್ನು ಮುಂದಕ್ಕೆ ಕಳಿಸಿದ ಕೈಯೇ ಕಲ್ಲಿನ ಪಾಠವನ್ನೂ ಕಳಿಸಿದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಆಗ ಕಳೆದುಕೊಳ್ಳೋದು ಆ ಕಲ್ಲು.

ಹಾಗಾಗಿ ಮುಂದಿನ ಪಟ್ಟಿ ಬಂದಾಗ ಮೂರು ಪ್ರಶ್ನೆ ಕೇಳಿ. ಎರಡು ಪದಗಳಲ್ಲಿ ಯಾವುದು ಮೊದಲು ಬರಹದಲ್ಲಿ ಸಿಕ್ಕಿದೆ, ಯಾವಾಗ? ಒಂದರಿಂದ ಇನ್ನೊಂದಕ್ಕೆ ಹೋಗೋಕೆ ಜನ, ಸರಕು, ದಾರಿ ಇತ್ತೇ? ಅಕ್ಷರ ಬದಲಾಗಿದ್ದರೆ ಅದೇ ಬದಲಾವಣೆ ಆ ಭಾಷೆಯ ಇನ್ನೂ ನಾಲ್ಕು ಪದಗಳಲ್ಲಿ ಆಗಿದೆಯೇ? ಮೂರಕ್ಕೂ ಉತ್ತರ ಇದ್ದರೆ ಧಾರಾಳವಾಗಿ ಹಂಚಿ. ಮತ್ತೆ, ನಿಮ್ಮ ಊರಿನ ಸುಂಕದ ಶಾಸನದಲ್ಲಿ ‘ಮೆಣಸು’ ಇದ್ದರೆ ಅದರ ತೇದಿ, ಸುಂಕದ ದರ, ಕಾಗುಣಿತ ಮೂರನ್ನೂ ಇದ್ದದ್ದು ಇದ್ದ ಹಾಗೆ ಬರೆದಿಡಿ. ಮೆಳಸು ಅಂತ ಇದೆಯೋ ಮೆಣಸು ಅಂತ ಇದೆಯೋ ಅನ್ನೋದೂ ಮುಖ್ಯ. ಊರೂರಿನ ಅಂಥ ಟಿಪ್ಪಣಿಗಳು ಒಟ್ಟಾದರೆ, ‘ಳ’ ಹೋಗಿ ‘ಣ’ ಬಂದ ದಾರಿಯನ್ನು ಕಲ್ಲಿನಿಂದ ಕಲ್ಲಿಗೆ ಗುರುತು ಹಾಕುತ್ತ ಹೋಗಬಹುದು.